ಮರವಂತೆ ದಾಟುವ ಕಾರು

"ಹೊಡಿ ಪ್ರವೀಣ, ಬಿಡ್ದೆ ಹೊಡಿ," ಎಂದು ಕೂಗಿ ಹೇಳಿ ರಾಜೀವಿ ಹೊಸ ಕಾರಿನ ಹಿಂದಿನ ಸೀಟಿನಲ್ಲಿ ಕುಳಿತು ಬಾಗಿಲು ಎಳೆದುಕೊಂಡಳು.

ಕುಂದಾಪುರದ ಶೋರೂಮಿನ ಅಂಗಳದಲ್ಲಿ ಅವಳ ಅಣ್ಣನ ಮಗ ಪ್ರವೀಣ ತನ್ನ ಹಳೆಯ ಕಾರನ್ನು ಹೊಸದರ ಪಕ್ಕಕ್ಕೇ ತಂದು ನಿಲ್ಲಿಸಿದ್ದ. ಅತ್ತೆ ಹೇಳಿದಂತೆ ಹಾರ್ನ್ ಒತ್ತಿ ಹಿಡಿದ. ಗೇಟಿನ ಕಾವಲುಗಾರ ಎರಡೂ ಕಿವಿ ಮುಚ್ಚಿಕೊಂಡದ್ದು ರಾಜೀವಿಗೆ ಕಂಡಿತು. ತಂತಿಯ ಮೇಲಿನ ಕಾಗೆಗಳು ದಿಗಿಲುಬಿದ್ದು ಹಾರಿದ್ದೂ ಕಂಡಿತು. ಸದ್ದು ಮಾತ್ರ ಎಲ್ಲೋ ಮೂರು ಮನೆಯಾಚೆ ಸೊಳ್ಳೆ ಗುಂಯ್ ಎಂದಷ್ಟೇ ಬಂತು. ಮೀನು ಮಾರುಕಟ್ಟೆಯ ಗದ್ದಲದಲ್ಲಿ ಮೂವತ್ತು ವರ್ಷ ಕಳೆದ ಹೆಂಗಸು ಅವಳು. ಇಷ್ಟೊಂದು ಮೌನ ಅವಳ ಪಾಲಿಗೆ ಎಂದೂ ಬಂದಿರಲಿಲ್ಲ. ತನ್ನ ಬಳೆ ತನಗೇ ಕೇಳಿಸಿ, ಮೂಗಿನ ಮೇಲೆ ಬೆರಳಿಟ್ಟುಕೊಂಡು ಕುಳಿತೇಬಿಟ್ಟಳು.

ಕಾರು ತೋರಿಸಲು ನಿಂತಿದ್ದ ವಿನಯಾ ಬೀಜಾಡಿಯ ಹುಡುಗಿ. ನಾಲ್ಕು ವರ್ಷದಲ್ಲಿ ನೂರಾರು ಗಿರಾಕಿಗಳನ್ನು ಕಂಡವಳಿಗೂ ಈ ಪರೀಕ್ಷೆ ಹೊಸದು. "ಎಲ್ರೂ ಬಂದ್ ಮೈಲೇಜ್ ಕೇಂತ್ರ್ ಅಮ್ಮ. ನೀವ್ ಹಾರ್ನ್ ಹೊಡ್ಸಿ ಕಾಂತ್ರಿ," ಎಂದು ನಕ್ಕಳು.

"ಮೈಲೇಜ್ ಅವ ಕೇಂತ," ಎಂದು ರಾಜೀವಿ ಸೋದರಳಿಯನ ಕಡೆ ಬೊಟ್ಟು ಮಾಡಿದಳು.

ಅವನು ಕೇಳಿಯೇ ಕೇಳಿದ. ಇದೇ ಕಾರಿನ ಹಿಂದಿನ ಮಾಡಲನ್ನು ಐದು ವರ್ಷ ಓಡಿಸಿದ ಅನುಭವ ಅವನದು, ಅದಕ್ಕೆ ತಕ್ಕ ದೂರುಗಳೂ ಇದ್ದವು. ಎಂಬತ್ತು ದಾಟಿದರೆ ಟಯರಿನ ಸದ್ದು ಮಿಕ್ಸಿ ತಿರುಗಿಸಿದಂತೆ. ಹಂಪ್ ಸಿಕ್ಕಿದಲ್ಲೆಲ್ಲ ಹೊಟ್ಟೆ ಉಜ್ಜುತ್ತದೆ. ಹೊಸತನ್ನು ತಳದಿಂದ ತಲೆಯವರೆಗೆ ಬದಲಾಯಿಸಿದ್ದಾರೆ, ಗಾಜನ್ನು ಎರಡು ಪದರ ಮಾಡಿದ್ದಾರೆ ಎಂದು ಕೊಂಡವರು ಬರೆದದ್ದನ್ನು ಮೊಬೈಲಿನಲ್ಲಿ ಓದಿ ಓದಿ ಅವನಿಗೆ ಬಾಯಿಪಾಠ ಆಗಿತ್ತು. ಆದರೂ ಅನುಮಾನ. ಮೊದಲ ವರ್ಷದ ಗಾಡಿ, ಏನೇನು ಹುಳುಕು ಇದೆಯೋ? ಇಷ್ಟು ತಗ್ಗಿನ ಕಾರು ಅತ್ತೆಯ ಮನೆಯ ಕೆಂಪುಕಲ್ಲಿನ ದಾರಿಗೆ ಆದೀತೆ?

"ಅತ್ತೆ, ಈಗಳಿಕೆ ಎಲ್ರೂ ಎತ್ತರದ್ ಗಾಡಿ ತಕಂಬುದ್. ನಿಮ್ಗ್ ಇದ್ ಎಂತಕ್? ಮೀನಿನ್ ಪೆಟ್ಗಿ ಹಾಕುಕೂ ಆತಿಲ್ಲೆ."

"ಮೀನಿಗ್ ಟೆಂಪೋ ಇತ್ತ್. ಇದ್ ಮನ್ಷರಿಗೆ."

ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ ಎಂದುಕೊಂಡು ಪ್ರವೀಣ ಟಯರು ಒತ್ತಿ ನೋಡಲು ಹೋದ. ಅತ್ತೆಯ ಮನಸ್ಸಿನಲ್ಲಿದ್ದ ದಾರಿ ಯಾವುದೆಂದು ಅವನಿಗೆ ಗೊತ್ತಿರಲಿಲ್ಲ. ಆ ದಾರಿಗೆ ಮರವಂತೆ ಎಂದು ಹೆಸರು.

ರಾಜೀವಿಯ ಗಂಡ ಕರಿಯ ನಲವತ್ತು ವರ್ಷ ಕಡಲಿಗೆ ಹೋದವನು. ಅಲೆ ಬಡಿಯುವುದು ಮಲಗಿದಲ್ಲಿಗೇ ಕೇಳುವಂಥ ಮನೆ ಅವರದು, ಮರವಂತೆಯಲ್ಲಿ. ಆರು ವರ್ಷದ ಹಿಂದೆ ಒಂದು ಬೆಳಗಿನ ಜಾವ, ಹೊಳೆ ಕಡಲು ಸೇರುವ ಅಳಿವೆಯ ಹತ್ತಿರ ದೋಣಿ ಮಗುಚಿತು. ಕರಿಯ ಮಗುಚಿದ ದೋಣಿಯನ್ನು ಹಿಡಿದುಕೊಂಡು ಬದುಕಿ ಬಂದ. ಜೊತೆಗೆ ಹೋಗಿದ್ದ ಅವನ ತಮ್ಮ ತಿಮ್ಮ ಮೂರನೆಯ ದಿನ ಹೆಣವಾಗಿ ದಡಕ್ಕೆ ಬಂದ. ಆಮೇಲೆ ಕರಿಯನಿಗೆ ಆ ಮನೆಯಲ್ಲಿ ಇರಲಾಗಲಿಲ್ಲ. ಗಂಡ ಹೆಂಡತಿ ಕಡಲಿಗೆ ಬೆನ್ನು ಹಾಕಿ ಬ್ರಹ್ಮಾವರದ ಒಳಗೆ, ಅಲೆಯ ಸದ್ದು ಮುಟ್ಟದಷ್ಟು ದೂರ ಬಂದು ಮನೆ ಮಾಡಿದರು. ರಾಜೀವಿ ಹೋಟೆಲುಗಳಿಗೆ ಮೀನು ಹಾಕುವ ವ್ಯಾಪಾರ ಹಿಡಿದು ಮೇಲೆ ಬಂದಳು. ಕರಿಯ ಬಲೆ ನೇಯುವುದನ್ನೂ ಬಿಟ್ಟು ಹಿತ್ತಿಲಲ್ಲಿ ಬಸಳೆ ಬೆಳೆದ.

ತೊಡಕಾದದ್ದು ಮಗಳು ನವ್ಯಾಳನ್ನು ಬೈಂದೂರಿಗೆ ಕೊಟ್ಟಾಗ. ಅಲ್ಲಿಗೆ ನೇರ ದಾರಿಯೆಂದರೆ ಹೆದ್ದಾರಿ. ಆ ಹೆದ್ದಾರಿ ಮರವಂತೆಯಲ್ಲಿ ಕಡಲಿನ ಬಾಯಿಗೇ ಹೋಗಿ ನಿಲ್ಲುತ್ತದೆ, ಎಡಕ್ಕೆ ಅಲೆ, ಬಲಕ್ಕೆ ಹೊಳೆ. ಕರಿಯನನ್ನು ಮದುವೆಗೆ ಕೊಲ್ಲೂರು ಸುತ್ತಿಸಿ ಕರೆದುಕೊಂಡು ಹೋದರು. ಚಪ್ಪರದಲ್ಲಿ ಗಂಡಿನ ಕಡೆಯವರೊಬ್ಬರು, "ಕಡ್ಲಿನವ್ರ್ ಘಟ್ಟದ್ ಬುಡ ಸುತ್ತಿ ಬಂದ್ರಲೆ!" ಎಂದು ನಕ್ಕರು. ಅವರು ನಕ್ಕು ಮರೆತರು, ಕರಿಯ ಮರೆಯಲಿಲ್ಲ. "ಹೋರೆ ಮರವಂತೆ ಮೇಲೇ ಹೋತೆ. ಇಲ್ದಿರೆ ಹೋತಿಲ್ಲೆ," ಎಂದುಬಿಟ್ಟ. ಮತ್ತೆ ಕೊಲ್ಲೂರು ದಾರಿಯೂ ಇಲ್ಲ, ರೈಲೂ ಇಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಹಾಗೆಂದು ಮರವಂತೆ ದಾಟಿದನೇ? ಬಸ್ಸಿನಲ್ಲಿ ಒಮ್ಮೆ, ಪ್ರವೀಣನ ಕಾರಿನಲ್ಲಿ ಒಮ್ಮೆ ಹೊರಟ. ಎರಡು ಸಲವೂ ಮರವಂತೆಗಿಂತ ಮುಂಚಿನ ತ್ರಾಸಿಯಲ್ಲಿ ಅಲೆಯ ಸದ್ದು ಕಿವಿಗೆ ಬಿದ್ದದ್ದೇ ಬೆವತು, ಓಡುವ ಗಾಡಿಯ ಬಾಗಿಲಿಗೆ ಕೈ ಹಾಕಿದ. ಮೊಮ್ಮಗಳು ಅನ್ವಿತಾ ಹುಟ್ಟಿ ವರ್ಷ ತುಂಬುತ್ತ ಬಂತು. ಬಾಣಂತನವೂ ಬೈಂದೂರಿನಲ್ಲೇ ಆಗಿತ್ತು, ಅಪ್ಪ ಬಂದು ಕರೆಯದೆ ತವರಿಗೆ ಬರುವುದಿಲ್ಲ ಎಂದು ನವ್ಯಾ ಹಟ ಹಿಡಿದಿದ್ದಳು. ಹುಟ್ಟಿದ ಮಗುವನ್ನು ನೋಡಲು ಅಜ್ಜ ಬಂದಿಲ್ಲ ಎಂದು ನವ್ಯಾ ಫೋನಿನಲ್ಲಿ ಮೊದಮೊದಲು ಅಳುತ್ತಿದ್ದಳು. ಈಚೆಗೆ ಅಳುವುದನ್ನೂ ಬಿಟ್ಟಿದ್ದಳು. ರಾಜೀವಿಗೆ ಹೆದರಿಕೆ ಹುಟ್ಟಿಸಿದ್ದು ಅದು.

ಗಂಡನ ಭಯ ಇರುವುದು ಕಣ್ಣಿನಲ್ಲಲ್ಲ, ಕಿವಿಯಲ್ಲಿ ಎಂದು ಅವಳಿಗೆ ತಿಳಿದದ್ದು ಟಿವಿಯಿಂದ. ಒಂದು ದಿನ ಸದ್ದು ನಿಲ್ಲಿಸಿದ ಟಿವಿಯಲ್ಲಿ ದೊಡ್ಡ ದೊಡ್ಡ ತೆರೆಗಳು ಏಳುತ್ತಿದ್ದವು. ಕರಿಯ ಹಳೆಯ ನೆಂಟರನ್ನು ಕಂಡಂತೆ ನೋಡುತ್ತ ಕುಳಿತಿದ್ದ. ಅವಳು ತಿಳಿಯದೆ ಸದ್ದು ಕೊಟ್ಟಳು. ಅವನು ಎದ್ದು ಹಿತ್ತಿಲಿಗೆ ಹೋದವನು ಊಟದ ಹೊತ್ತಿಗೂ ಒಳಗೆ ಬರಲಿಲ್ಲ.

ಹಾರ್ನಿನ ಪರೀಕ್ಷೆ ಆದ ಮರುದಿನ ಬೆಳಗ್ಗೆ, ಗಂಜಿ ಬಡಿಸುತ್ತ ಅವಳು ಸುತ್ತುಬಳಸದೆ ಹೇಳಿದಳು. "ಹ್ವಾಯ್, ಒಂದ್ ಕಾರ್ ಕಂಡ್ ಬಂದಿದೆ. ಗಾಜ್ ಹಾಕಿರೆ ಹೊರ್ಗಿನ್ ಸದ್ದ್ ಒಳ್ಗ್ ಬತ್ತಿಲ್ಲೆ. ಮರವಂತೆ ಮೇಲೆ ಹೋಪ ಕಾಂಬ?"

ಕರಿಯ ಉಪ್ಪಿನಕಾಯಿಯನ್ನೇ ನೋಡುತ್ತಿದ್ದ. "ಆಷಾಢದಗೆ ಕಾರ್ ಆರ್ ತಕಂತ್ರ್?"

"ತಕಂಬುದ್ ಶ್ರಾವಣಕ್ಕೆ. ಇವತ್ತ್ ಬರೀ ಕೂಕಂಡ್ ಕಾಂಬುದ್."

"ನಂಗೆಂತ ಹೆದ್ರಿಕಿ ಇತ್ತಾ?"

"ಹೆದ್ರಿಕಿ ಇತ್ತ್ ಅಂದೇಳಿ ಹೇಳ್ದರ್ ಆರ್? ಬನಿ."

ಅವನು ಗಂಜಿ ಪೂರ್ತಿ ಉಂಡು, ಮದುವೆಗೆ ಹಾಕಿದ್ದ ಬಿಳಿ ಅಂಗಿಯನ್ನು ಹುಡುಕಿ ಹಾಕಿಕೊಂಡ. ರಾಜೀವಿ ಹತ್ತಿರ ಹೋಗಿ ಅದರ ಕಾಲರು ಮಡಿಸಿ ಕೊಟ್ಟಳು.

ಪ್ರವೀಣನನ್ನು ಅವಳು ಬೇಕೆಂದೇ ಶೋರೂಮಿನಲ್ಲಿ ಬಿಟ್ಟಳು. ವಿನಯಾ ಕಾರು ಹಿಡಿದಳು. ಪರೀಕ್ಷೆಗೆ ಎಂದು ಓಡಿಸುವುದು ಕೋಟೇಶ್ವರದ ಕಡೆಗೆ, ಅದೂ ಹತ್ತು ಕಿಲೋಮೀಟರು. ರಾಜೀವಿ ಅವಳನ್ನು ಒಂದು ಮಗ್ಗುಲಿಗೆ ಕರೆದು ಇದ್ದ ಸಂಗತಿಯನ್ನು ಇದ್ದ ಹಾಗೆ ಹೇಳಿದ್ದಳು. ಹುಡುಗಿ ಕಾರನ್ನು ಬಡಗು ದಿಕ್ಕಿಗೆ, ಮರವಂತೆಯ ಕಡೆಗೆ ತಿರುಗಿಸಿದಳು.

ಸೇತುವೆಗಳು ದಾಟಿದವು. ಹೆಮ್ಮಾಡಿ ದಾಟಿತು. ರಸ್ತೆಯ ಹೊಂಡ ಕಣ್ಣಿಗೆ ಕಾಣುತ್ತಿತ್ತು, ಸೊಂಟಕ್ಕೆ ಗೊತ್ತಾಗುತ್ತಿರಲಿಲ್ಲ. ಎದುರಿನಿಂದ ಬಂದ ಮೀನಿನ ಲಾರಿಯೊಂದು ಬಾಯಿ ಮುಚ್ಚಿಕೊಂಡು ಹೋದಂತೆ ಹೋಯಿತು. ಬುಟ್ಟಿ ಹಿಡಿದು ಬಸ್ಸಿನ ಮೆಟ್ಟಿಲ ಮೇಲೆ ನಿಂತೇ ಇದೇ ದಾರಿಯನ್ನು ಸವೆಸಿದ್ದ ರಾಜೀವಿಗೆ ಇದು ಅದೇ ದಾರಿ ಎಂದು ನಂಬಲೇ ಆಗಲಿಲ್ಲ. ಮನುಷ್ಯರು ಏನೆಲ್ಲ ಮಾಡುತ್ತಾರಪ್ಪ ಎಂದು ಅವಳು ಬೆರಗಾಗಿ ಗಾಜನ್ನು ಮುಟ್ಟಿ ನೋಡಿದಳು. ಎಡಗಡೆ ಕುಳಿತ ಕರಿಯ ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡಿದ್ದ.

ತ್ರಾಸಿ ಬಂತು. ಅವನ ಕೈ ಹೊರಗೆ ಬಂದು ಬಾಗಿಲಿನ ಹಿಡಿಯನ್ನು ಹುಡುಕಿತು. ಕೈ ಹಿಡಿಯ ಮೇಲೆಯೇ ನಿಂತಿತು, ಎಳೆಯಲಿಲ್ಲ.

ಮತ್ತೆ ಮರಗಳು ಸರಿದವು, ಕಡಲು ಎದುರಾಯಿತು.

ಆಷಾಢದ ಕಡಲು. ಆನೆಯೆತ್ತರದ ತೆರೆಗಳು ಕೆಂಪಾಗಿ ಎದ್ದು ಬಂದು, ದಡಕ್ಕೆ ಹಾಕಿದ ಕಲ್ಲುಗಳ ಮೇಲೆ ಮುರಿದು, ನೊರೆ ರಸ್ತೆಯ ಅಂಚಿಗೇ ಹಾರುತ್ತಿತ್ತು. ಹುಟ್ಟಿದಂದಿನಿಂದ ಕೇಳಿದ ಆ ಗರ್ಜನೆ ಎಲ್ಲಿ ಹೋಯಿತು? ಒಂದು ತೆರೆ ಎದ್ದಿತು, ಬಗ್ಗಿತು, ಬಿದ್ದು ಚೂರಾಯಿತು. ಒಂದಿಷ್ಟೂ ಸದ್ದಿಲ್ಲ. ದೇವರು ಕಡಲಿನ ಬಾಯಿಗೆ ಕೈ ಅಡ್ಡ ಹಿಡಿದಿದ್ದಾನೆ ಎಂದೇ ರಾಜೀವಿಗೆ ಅನಿಸಿತು. ಅವಳಿಗೆ ಅರಿವಿಲ್ಲದೆ ಕೈಗಳು ಮುಗಿದುಕೊಂಡವು.

ಕರಿಯ ಹಣೆಯನ್ನು ಗಾಜಿಗೆ ಒತ್ತಿ ನೋಡುತ್ತಿದ್ದ. ಬೆವರಿರಲಿಲ್ಲ. ವಿನಯಾ ವೇಗ ಇಳಿಸಿದಳು.

"ಇಷ್ಟ್ ಹತ್ರ ಇತ್ತ್," ಎಂದ ಅವನು. "ಆರೂ ಕೂಗುದಿಲ್ಲೆ."

"ಆರ್ ಕೂಗ್ಕ್?"

ಅವನು ಅವಳ ಕಡೆ ತಿರುಗಲಿಲ್ಲ. ಕಡಲಿಗೇ ಹೇಳುವಂತೆ ಹೇಳಿದ. ಆರು ವರ್ಷದಲ್ಲಿ ಯಾರ ಬಳಿಯೂ ಆಡದ ಮಾತು ಅದು. ಗಾಡಿಯಲ್ಲಿ ಬೇರೆ ಸದ್ದಿಲ್ಲದ್ದರಿಂದ ಅವನು ಪಿಸುಗುಟ್ಟಿದರೂ ಅವಳಿಗೆ ಕೇಳುತ್ತಿತ್ತು.

"ದೋಣಿ ಮಗ್ಚಿದ್ ಮೇಲೆ ನಾನ್ ಈಚಿ ಬದಿ ಹಿಡ್ಕಂಡಿದೆ. ತಿಮ್ಮ ಆಚಿ ಬದಿ ಹಿಡ್ಕಂಡಿದ ಅಂದೇಳಿ ಎಣ್ಸಿದೆ. ಕಣ್ಣ್ ಕಾಣದ್ ಕತ್ಲಿ. ಆಗಳಿಕೆ ದೂರ, ಹಿಂದಿನ್ ಬದಿಯಿಂದ ಒಂದ್ ಕೂಗ್ ಬಂತ್. ಅಣ್ಣಾ ಅಂದೇಳಿ."

ರಾಜೀವಿ ಸದ್ದಾಗದಂತೆ ಬಳೆಗಳನ್ನು ಅದುಮಿ ಹಿಡಿದಳು.

"ಕತ್ಲಿ ನೀರಗೆ ಕೂಗ್ ಕೇಂಡ್ರೆ ಮೂರ್ ಸಲ ಆಪು ತನ್ಕ ಓ ಅಂದ್ ಓಗೊಡುಕಾಗ ಅಂದೇಳಿ ಅಪ್ಪಯ್ಯ ಹೇಳಿದ್ರಲ್ದಾ. ಒಂದ್ ಸಲ, ಎರ್ಡ್ ಸಲ ಕೂಗುದ್ ಅದ್, ನೀರಿನ್ ಪಿಶಾಚಿ. ಮೂರ್ನೇದ್ ಕೂಗುದ್ ಮನ್ಷ ಮಾತ್ರ. ತಿಮ್ಮ ಇಲ್ಲೇ ಇದ್ದ, ಇದ್ ಅದೇ ಅಂದೇಳಿ ನಾನ್ ಬಾಯಿ ಮುಚ್ಕಂಡೆ. ಎರ್ಡನೇ ಸಲ ಕೂಗ್ದ. ಮೂರ್ನೇದಕ್ಕೆ ಕಾದೆ. ಬರ್ಲಿಲ್ಲೆ ರಾಜೀವಿ. ಬೆಳ್ಕ್ ಆಪತಿಗೆ ಕಂಡ್ರೆ, ಆಚಿ ಬದಿ ಆರೂ ಇಲ್ಲೆ."

ದಡದ ಕಲ್ಲಿನ ಮೇಲೆ ಇನ್ನೊಂದು ತೆರೆ ಮೂಕವಾಗಿ ಮುರಿಯಿತು.

"ಅಲಿ ಸದ್ದ್ ಕೇಂಡ್ರೆ ಮೂರ್ನೇದ್ ಈಗ್ ಬತ್ತ್, ಈಗ್ ಬತ್ತ್ ಅಂತ್ ಕಾಂತ್. ಬಂದ್ರೆ ನಾನ್ ಎಂತ ಹೇಳುದ್?"

ಭಯ, ಭಯ ಎಂದು ಊರೆಲ್ಲ ಆಡಿಕೊಂಡದ್ದು, ತಾನೂ ಒಳಗೊಳಗೇ ನಾಚಿದ್ದು ಇದಕ್ಕೇ? ರಾಜೀವಿ ಹತ್ತಿರ ಸರಿದು ಗಂಡನ ಬೆನ್ನ ಮೇಲೆ ಕೈ ಇಟ್ಟಳು. ಆ ಬಿಳಿ ಅಂಗಿಯ ಕೆಳಗೆ ಅವನ ಎದೆ ಹೊಡೆದುಕೊಳ್ಳುವುದು ಅವಳ ಅಂಗೈಗೆ ತಿಳಿಯುತ್ತಿತ್ತು.

"ಮಗಾ," ಎಂದ ಕರಿಯ, ವಿನಯಾಳಿಗೆ. "ಈ ಗಾಜ್ ಇಳ್ಸುದ್ ಹ್ಯಾಂಗೆ?"

ಕನ್ನಡಿಯಲ್ಲಿ ವಿನಯಾಳ ಕಣ್ಣು ರಾಜೀವಿಯನ್ನು ಕೇಳಿತು. ಬೇಡ ಎನ್ನಲು ರಾಜೀವಿ ಬಾಯಿ ತೆರೆದಳು. ಇಷ್ಟೆಲ್ಲ ಮಾಡಿದ್ದು ಆ ಗಾಜು ಮುಚ್ಚಿರಲಿ ಎಂದಲ್ಲವೇ? ಅಷ್ಟರಲ್ಲಿ ಗಂಡ ತಿರುಗಿ ಅವಳ ಮುಖ ನೋಡಿದ. ದೋಣಿ ಇಳಿಸುವ ಮುಂಚೆ ಹಾಗೆ ಒಮ್ಮೆ ತಿರುಗಿ ನೋಡುತ್ತಿದ್ದ ಕರಿಯ ಅವನು. ಅವಳು ಆಗಲಿ ಎಂದು ತಲೆಯಾಡಿಸಿದಳು.

"ಬಾಗ್ಲಗೆ ಸ್ವಿಚ್ ಇತ್ತ್ ಅಜ್ಜ. ಕೆಳ್ಗ್ ಒತ್ತಿ."

ಗಾಜು ಇಳಿಯಿತು, ಕಡಲು ಒಳಗೆ ನುಗ್ಗಿತು. ಗಾಳಿ, ಉಪ್ಪು, ಆರು ವರ್ಷ ದೂರ ಇಟ್ಟಿದ್ದ ಅಷ್ಟೂ ಮೊರೆತ ಒಟ್ಟಿಗೇ ಬಂದು ಕಾರು ತುಂಬಿತು. ಕರಿಯ ಸೀಟಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡು ಮುಖ ಹೊರಗೆ ಹಾಕಿದ. ಒಂದು ತೆರೆ ಬಿದ್ದು ಸದ್ದು ಇಳಿಯುವ ತನಕ ಕಾದ. ಆಮೇಲೆ, ಹಿತ್ತಿಲಲ್ಲಿರುವವನು ಜಗಲಿಯಿಂದ ಬಂದ ಕರೆಗೆ ಓಗೊಡುವಂತೆ, ಗಂಟಲು ಬಿಟ್ಟು ಹೇಳಿದ.

"ಓ..."

ಇನ್ನೊಂದು ತೆರೆ ಬಿತ್ತು.

"ಓ..."

ತಮ್ಮನ ಎರಡು ಕೂಗಿಗೆ ಎರಡೇ ಸಲ. ಬಳಿಕ ಬಾಯಿ ಮುಚ್ಚಿ, ಕಿವಿಯನ್ನು ಕಡಲಿಗೆ ಕೊಟ್ಟು ಕುಳಿತ. ಅವನ ಕೆನ್ನೆಯ ಮೇಲಿನದು ಕಣ್ಣೀರೋ ತೆರೆಯ ಹನಿಯೋ ರಾಜೀವಿ ನೋಡಲು ಹೋಗಲಿಲ್ಲ. ವಿನಯಾ ಮುಂದಿನ ರಸ್ತೆಯನ್ನೇ ನೋಡುತ್ತ, ಮೂಗು ಒರೆಸಿಕೊಂಡು ಓಡಿಸಿದಳು.

ಕಡಲಿನ ಅಂಚು ಮುಗಿದು ತೆಂಗಿನ ತೋಟಗಳು ಅಡ್ಡ ಬಂದವು. ಗಾಡಿ ಹಿಂದಕ್ಕೆ ತಿರುಗಿಸುವ ಜಾಗದಲ್ಲಿ ವಿನಯಾ ವೇಗ ತಗ್ಗಿಸಿ ಇಂಡಿಕೇಟರ್ ಹಾಕಿದಳು. "ಅಮ್ಮ, ತಿರ್ಗ್ಸುದಾ?"

ರಾಜೀವಿ ಗಂಡನ ಕಡೆ ನೋಡಿದಳು. ಅವನು ತೋಳಿನಿಂದ ಮುಖ ಒರೆಸಿಕೊಂಡು ಅಂಗಿಯ ಗುಂಡಿ ಸರಿಮಾಡಿಕೊಳ್ಳುತ್ತಿದ್ದ.

"ಅನ್ವಿತಾ ಈ ಹೊತ್ತಿಗೆ ಎದ್ದಿರತ್ತಾ?" ಎಂದು ಕೇಳಿದ.

ವಿನಯಾ ಇಂಡಿಕೇಟರ್ ಆರಿಸಿದಳು. ಕಾರು ನೇರ ಬೈಂದೂರಿನ ಕಡೆಗೆ ಹೋಯಿತು, ಎಡಗಡೆಯ ಗಾಜು ಇಳಿದೇ ಇತ್ತು.