ಬೇವಿನ ಬುಡದ ಅರಿಶಿನ

ಗಡಿಯ ಬಾಂದುಕಲ್ಲು ಜರುಗಿದೆ ಎಂದು ಪಕ್ಕದ ಹೊಲದ ಪರಮೇಶ್ ಒಮ್ಮೆ ಬಾಯಿಬಿಟ್ಟಿದ್ದೇ ತಪ್ಪಾಯಿತು. ಜರುಗಿಸಿದವನು ಅವನೇ ಎಂದು ಪುಟ್ಟರಾಜು ಎಂಟು ವರ್ಷ ಹಿರೀಸಾವೆಯ ಹೋಟೆಲುಗಳಲ್ಲೆಲ್ಲ ಡಂಗುರ ಸಾರಿದ. "ಕುಂಬಳಕಾಯಿ ಕಳ್ಳ ಅಂದ್ರೆ ಎಗ್ಲು ಮುಟ್ಟಿ ನೋಡ್ಕಂಡ್ನಂತೆ, ಅಂಗಾಯ್ತು ಇವ್ನ ಕತೆ" ಎಂದು ನಗುತ್ತಿದ್ದ.

ತಾಲ್ಲೂಕು ಕಚೇರಿಗೆ ಹೊಸ ಅಳತೆ ಯಂತ್ರ ಬಂತೆಂದು ತಿಳಿದ ದಿನವೇ ಗಡಿ ಗುರುತಿಸಿಕೊಡಿ ಎಂದು ಅರ್ಜಿ ಹಾಕಿದ. ಹಿಂದೆ ವರ್ಷಗಟ್ಟಲೆ ಕಾಯಿಸುತ್ತಿದ್ದವರು ಈ ಸಲ ಇಪ್ಪತ್ತೇ ದಿನಕ್ಕೆ ಬಂದರು.

ಸರ್ವೇಯರ್ ಸಿಂಧು ಹಿಂದಿನವರಂತೆ ಅಳತೆಯ ಚೈನು ಎಳೆಸಲಿಲ್ಲ. ತುದಿಯಲ್ಲಿ ಯಂತ್ರವಿದ್ದ ಕೋಲು ಹಿಡಿದು, ಪರದೆಯಲ್ಲಿ ಹಳೆಯ ನಕ್ಷೆ ನೋಡುತ್ತ ನಡೆದಳು. ಬಾಂದುಕಲ್ಲಿನ ಹತ್ತಿರ ನಿಲ್ಲಲಿಲ್ಲ. ಪುಟ್ಟರಾಜು ಮೀಸೆ ತಿರುವಿದ. ಆದರೆ ಅವಳು ತಿರುಗಿದ್ದು ಪರಮೇಶನ ಹೊಲಕ್ಕಲ್ಲ, ಇವನ ತೆಂಗಿನ ಸಾಲಿನೊಳಕ್ಕೆ. ಹನ್ನೆರಡು ಹೆಜ್ಜೆ ಬಂದು ಬೇವಿನ ಬುಡದಲ್ಲಿ ಕೋಲೂರಿದಳು.

"ಇಲ್ಲೇ ಸಾರ್ ನಿಮ್ಮ ಗಡಿ. ಆ ಎಂಟು ತೆಂಗಿನ ಮರ ಅವರ ಜಮೀನಲ್ಲಿವೆ."

ಪುಟ್ಟರಾಜು ಕೋಲಿನ ಹತ್ತಿರಕ್ಕೆ ಧಾವಿಸಿದ. "ಇನ್ನೊಂದ್ಸಲ ನೋಡಿ ಮೇಡಂ."

ಮೂರು ಸಲ ನೋಡಿದರೂ ಅದೇ ಜಾಗ. ಕೋಲಿನ ಬುಡದಲ್ಲಿ ಅರಿಶಿನ, ಒಣಗಿದ ಸೇವಂತಿಗೆ. ದೀಪಾವಳಿಯಲ್ಲಿ ಮನೆಯವರೆಲ್ಲ ಬಾಂದುಕಲ್ಲಿಗೆ ಸುಣ್ಣ ಬಳಿದು ಪೂಜೆ ಮಾಡುವಾಗ, ಪುಟ್ಟರಾಜುವಿನ ತಾಯಿ ಮಾತ್ರ ಇಲ್ಲಿಗೆ ಬಂದು ಎಡೆಯಿಡುತ್ತಿದ್ದಳು. ಮುದುಕಿಗೆ ಅರಳುಮರುಳು ಎಂದುಕೊಂಡಿದ್ದ.

ಬದುವಿನ ಮೇಲೆ ಕುಳಿತಿದ್ದ ತಾಯಿಯ ಕಡೆ ತಿರುಗಿದ.

"ಅವ್ವಾ, ಕಲ್ಲು ಕಿತ್ತಿದ್ದು ಯಾರವ್ವಾ?"

"ನಿಮ್ಮಪ್ಪ ಕಣ್ಲಾ. ಕಲ್ಲಿನ್ ಇನ್ನೊಂದ್ ತುದಿ ಇಡ್ದು ಎತ್ತಿದೋಳು ನಾನೇಯ."

"ಯಾಕವ್ವಾ ಏಳ್ನಿಲ್ಲ?"

"ನೀನಾಗಿ ಬಾಯ್ ಬುಡಬ್ಯಾಡ ಅಂತ ನಿಮ್ಮಪ್ಪ ಸಾಯೋವಾಗ ನನ್ ತಾವ ಆಣೆ ಆಕಿಸ್ಕಂಡಿದ್ದ. ಅದ್ಕೇ ವರ್ಸವರ್ಸಾನೂ ನಿನ್ ಕಣ್ಮುಂದೇನೇ ಇಲ್ಲಿ ಅರಿಸ್ನ ಆಕ್ದೆ. ಕೇಳಿದ್ರೆ ಏಳ್ತಿದ್ದೆ. ಅಲ್ಲೇನವ್ವಾ ಐತೆ ಅಂತ ಒಂದಿನಾನಾದ್ರೂ ಕೇಳ್ದಾ?"

ಪರಮೇಶ್ ಎದುರಿಗೇ ನಿಂತಿದ್ದ. ಬೈಯಲಿಲ್ಲ, ನಗಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಪುಟ್ಟರಾಜು ಜಾರುತ್ತಿದ್ದ ಟವೆಲು ಸರಿಮಾಡಿಕೊಳ್ಳಲು ಕೈಯೆತ್ತಿದ.

ಎಲ್ಲರೂ ನೋಡುತ್ತಿದ್ದಂತೆ ಆ ಕೈ ಹೆಗಲ ಮೇಲೇ ನಿಂತುಬಿಟ್ಟಿತು.