ನೀಲಿ ಬಾರದ ಬಾಟಲಿ

ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದರೆ ಒಳಗೆ ತೆಳುವಾದ ನೀಲಿ ಕಾಣಬೇಕು. ನನ್ನ ಹೆಂಡತಿ ಪುಟ್ಟತಾಯಿಯ ಬಾಟಲಿಯಲ್ಲಿ ಅದು ಕಾಣುತ್ತಿತ್ತು. ನನ್ನದರಲ್ಲಿ ಬರೀ ನೀರು.

ಆಸ್ಪತ್ರೆಯ ಪ್ರಯೋಗಾಲಯಕ್ಕೆ ಅವಳನ್ನು ಸೇರಿಸಿದವನೇ ನಾನು. ಗಾಜು ತೊಳೆಯುವುದರಲ್ಲಿ ನನ್ನನ್ನು ಮೀರಿಸುವವರು ಅಲ್ಲಿರಲಿಲ್ಲ. ಬೇರೆಯವರು ಚಿಟಿಕೆ ಸೋಪು ಹಾಕಿದರೆ ನಾನು ಹಿಡಿ ಹಾಕುತ್ತಿದ್ದೆ. ವಿಮಲಾಕ್ಷಿ ಡಾಕ್ಟರು ಅಲ್ಲಿ ಪಾಲಿಮರ್ ಎಳೆಗಳಿಂದ ಕಣ್ಣಿಗೆ ಕಾಣದಷ್ಟು ಸಣ್ಣ ಚೀಲಗಳನ್ನು ಮಾಡಿಸುತ್ತಿದ್ದರು. ಮಾಡಿಸುವುದೇನು, ಅವು ತಾವೇ ಆಗುತ್ತಿದ್ದವು. ಎಳೆಯ ಒಂದು ತುದಿಗೆ ನೀರು ಬೇಕು, ಇನ್ನೊಂದಕ್ಕೆ ನೀರು ಕಂಡರಾಗದು. ಎಳೆಯನ್ನೂ ಔಷಧಿಯನ್ನೂ ಕರಗಿಸಿದ ದ್ರವಕ್ಕೆ ಹನಿಹನಿಯಾಗಿ ನೀರು ಬಿಟ್ಟರೆ, ನೀರಿಗಾಗದ ತುದಿಗಳು ಒಂದರ ಮರೆಗೊಂದು ಸೇರಿ ಚೀಲ ಕಟ್ಟಿಕೊಳ್ಳುತ್ತವೆ. ಒಳಗೆ ಸಿಕ್ಕ ಔಷಧಿ ದಾರಿಯಲ್ಲಿ ಸೋರದೆ ರೋಗಿಯ ಕ್ಯಾನ್ಸರ್ ಗೆಡ್ಡೆಯವರೆಗೂ ಹೋಗುತ್ತದೆ. ಚೀಲ ಆಯಿತೆಂಬುದಕ್ಕೆ ಆ ನೀಲಿಯೇ ಗುರುತು.

ಡಾಕ್ಟರು ನಮ್ಮಿಬ್ಬರಿಗೂ ಕೆಲಸ ಕಲಿಸಿದರು. ರೋಗಿಗೆ ಕೊಡುವ ಮೊದಲ ಔಷಧಿಯನ್ನು, ನೀಲಿ ತಪ್ಪದೆ ಬರುವ ಕೈಯಿಂದಲೇ ಮಾಡಿಸುತ್ತೇನೆಂದರು. ಆ ಕೈ ನನ್ನದಾಗಬೇಕಿತ್ತು.

"ಏನು ಮಂತ್ರ ಹಾಕ್ತೀಯೆ ಅದಕ್ಕೆ?" ಮನೆಯಲ್ಲಿ ರೇಗಿದೆ.

"ಮಂತ್ರ ಬಂದಿದ್ರೆ ಮೊದಲು ನಿಮ್ಮ ಬಾಯಿಗೆ ಹಾಕ್ತಿದ್ದೆ."

ಮರುದಿನ ಬಾಗಿಲ ಸಂದಿನಿಂದ ನೋಡಿದೆ. ನಾನು ತೊಳೆದು ಹೊಳಪೇರಿಸಿಟ್ಟ ಬಾಟಲಿಯನ್ನೇ ಅವಳು ಶುದ್ಧ ನೀರಿನಲ್ಲಿ ಮತ್ತೆ ಮತ್ತೆ ಜಾಲಿಸುತ್ತಿದ್ದಳು. ಮೈಯುರಿಯಿತು.

"ನಾನು ತೊಳೆದಿದ್ದು ನಿಂಗೆ ಎಂಜಲೇನೆ?"

"ಸೋಪಿನ ಪಸೆ ನಿಂತಿರುತ್ತೆ ಕಣ್ರೀ. ಜಿಡ್ಡು ಒಡೆಯೋ ಸೋಪು ಆ ಚೀಲ ಉಳಿಸುತ್ತಾ? ನಿನ್ನೆ ಊಟದಲ್ಲೇ ಹೇಳೋಕೆ ಬಂದೆ. ತಟ್ಟೆ ತಳ್ಳಿ ಎದ್ದು ಹೋದ್ರಿ."

ನನ್ನ ಬಾಟಲಿಗೆಂದು ನಾನು ಇನ್ನೊಂದು ಹಿಡಿ ಹೆಚ್ಚೇ ಹಾಕುತ್ತಿದ್ದೆ.

ಅಷ್ಟರಲ್ಲಿ ಡಾಕ್ಟರು ಬಂದರು. "ಪುಟ್ಟತಾಯಿ, ಇವತ್ತು ವಾರ್ಡಿಗೆ ನಿಮ್ಮದೇ. ನೀವೂ ಬನ್ನಿ," ಎಂದರು. ಅವಳು ಸೆರಗಿಗೆ ಕೈಯೊರೆಸಿಕೊಂಡು, ನೀಲಿ ಬಂದಿದ್ದ ತನ್ನ ಬಾಟಲಿ ಹಿಡಿದು ಅವರ ಹಿಂದೆ ಹೋದಳು. ನನ್ನ ಕಡೆ ಯಾರೂ ನೋಡಲಿಲ್ಲ.

ಒಬ್ಬನೇ ನಿಂತು ಒಂದು ಬಾಟಲಿಯನ್ನು ಕೈ ಸೋಲುವಷ್ಟು ಜಾಲಿಸಿದೆ. ಉಸಿರು ಬಿಗಿಹಿಡಿದು ಹನಿ ಬಿಟ್ಟೆ. ನೀಲಿ ಬಂತು.

ಪುಟ್ಟತಾಯಿ ತಿರುಗಿ ಬಂದಾಗ ಅದು ಕಿಟಕಿಯಲ್ಲಿತ್ತು. "ಬಂತಲ್ಲ ರೀ," ಎಂದು ನಕ್ಕು, ವಾರ್ಡಿನಿಂದ ತಂದ ತನ್ನ ಬಾಟಲಿಯನ್ನು ಪಕ್ಕದಲ್ಲಿಟ್ಟಳು. ತಳದಲ್ಲಿ ಒಂದಿಷ್ಟು ಉಳಿದಿತ್ತು. ಎರಡರ ಮೇಲೂ ಒಂದೇ ಬಿಸಿಲು ಬಿದ್ದಿತ್ತು.

ಅವಳದ್ದೇ ಒಂದೆಳೆ ಹೆಚ್ಚು ನೀಲಿ.