ಅರ್ಥ ಹೇಳುವ ವರ

ನಮ್ಮ ಸಭೆಯಲ್ಲಿ ಎಲ್ಲಾ ವರಗಳೂ ಇದ್ದವು, ಅನ್ಯಭಾಷೆ ಆಡುವ ವರವೊಂದನ್ನು ಬಿಟ್ಟು. ಗೋಡೆಯ ಮೇಲಿನ ಕರಿಹಲಗೆಯೇ ಅದನ್ನು ಹೇಳುತ್ತಿತ್ತು. ಧಾರವಾಡದ ಕಡೆಯಿಂದ ಮೂರು ತಿಂಗಳಿಗೊಮ್ಮೆ ಜೀಪಿನಲ್ಲಿ ಬರುತ್ತಿದ್ದ ಮಿಷನ್ ಬೋಧಕ ಸತ್ಯದಾಸ ಅಯ್ಯನವರು, ಪವಿತ್ರಾತ್ಮ ಯಾರಿಗೆ ಯಾವ ವರ ಕೊಟ್ಟಿದ್ದಾನೆಂದು ಅದರಲ್ಲಿ ಬರೆಸಿದ್ದರು. ಜ್ಞಾನದ ವರ ಎಸ್ಟೇಟಿನ ರೈಟರ್ ಪೌಲ್ ದೇರಪ್ಪನವರಿಗೆ. ಪ್ರವಾದನೆಯ ವರವೂ ದೇರಪ್ಪನವರಿಗೇ. ಸಭೆಯ ಹಿರಿಯ ಯಾರೆಂದು ಬೇರೆ ಹೇಳಬೇಕಾಗಿಲ್ಲ. ಗುಣಪಡಿಸುವ ವರ ಅವರ ಹೆಂಡತಿಗೆ. ಆಕೆ ಒಮ್ಮೆ ಯಾರದೋ ತಲೆನೋವಿಗೆ ಪ್ರಾರ್ಥನೆ ಮಾಡಿದ್ದರಂತೆ. ಲೈನ್‌ಮನೆಗಳ ಕೂಲಿಯವರಿಗೆಲ್ಲ ಸೇರಿಸಿ ಒಂದೇ ವರ, ಸಹಾಯ ಮಾಡುವುದು. ಎಂದರೆ ಪ್ರಾರ್ಥನಾಮನೆ ಗುಡಿಸುವುದು, ನೀರು ಹೊರುವುದು.

ಕೂಲಿಯವರ ಹಾಜರಿಯ ಮಸ್ಟರ್ ಪುಸ್ತಕ ಬರೆಯುವ ರೈಟರನ ಹೆದರಿಕೆ ಪವಿತ್ರಾತ್ಮನಿಗೂ ಇತ್ತೆಂದು ಕಾಣುತ್ತದೆ. ಈ ಮಾತನ್ನು ಈಗ ಆಡುತ್ತಿದ್ದೇನೆ. ಆಗ ಹಲಗೆ ಬರೆದ ಕೈ ನನ್ನದೇ, ದುಂಡಗೆ ಚೆಂದವಾಗಿ ಬರೆದಿದ್ದೆ.

ನಾನು ಸೀಮೋನ್ ಸಿದ್ದರಾಜು. ಹುಟ್ಟಿದ್ದು ಶಿರಂಗಾಲದಲ್ಲಿ. ಕ್ರೈಸ್ತನಾಗಿ ದೀಕ್ಷಾಸ್ನಾನ ತೆಗೆದುಕೊಂಡ ವರ್ಷವೇ ಮನೆಯವರು ಹೊರಗೆ ಹಾಕಿದರು. ಪಾಲಿಬೆಟ್ಟದ ಹತ್ತಿರದ ಈ ಎಸ್ಟೇಟಿನಲ್ಲಿ ಲೈನಿನ ಮಕ್ಕಳಿಗೆ ಪಾಠ ಹೇಳುವ ಕೆಲಸ ಸಿಕ್ಕಿತು. ಆ ಮಕ್ಕಳಿಂದಲೇ, ಲೈನಿನಲ್ಲಿದ್ದ ಎರವ ಬುಡಕಟ್ಟಿನವರ ಮಾತು ಕಲಿತೆ. ಮನೆಯವರಿಗೆ ಬೇಡವಾದವನಿಗೆ ಇಲ್ಲಾದರೂ ಒಂದು ಸ್ಥಾನ ಬೇಕಿತ್ತು. ಸಭಾಸೇವಕನಾಗಬೇಕು, ಕಾಣಿಕೆ ತಟ್ಟೆ ಹಿಡಿದು ಎಲ್ಲರೆದುರು ನಡೆಯಬೇಕು ಎಂಬುದು ನನ್ನ ಆಸೆ. ಇಷ್ಟು ಸಣ್ಣ ಆಸೆಗೆ ಮನುಷ್ಯ ಎಷ್ಟು ಕೆಳಗೆ ಇಳಿಯಬಹುದೆಂದು ಆಗ ಗೊತ್ತಿರಲಿಲ್ಲ.

ಕೊಡಗು ಇನ್ನೂ ತಾನೇ ಒಂದು ರಾಜ್ಯವಾಗಿದ್ದ ಕಾಲ, ಐವತ್ತಮೂರನೇ ಇಸವಿಯ ಡಿಸೆಂಬರ್. ಕಾಫಿ ಹಣ್ಣಿನ ಪಿಕಿಂಗ್ ಜೋರಾಗಿತ್ತು, ಭಾನುವಾರವೂ ಮಸ್ಟರ್ ಮುಗಿದ ಮೇಲೆಯೇ ಪ್ರಾರ್ಥನೆ. ನಮ್ಮ ಪ್ರಾರ್ಥನಾಮನೆ ಮೊದಲು ಗೋಣಿ ಹಾಕುತ್ತಿದ್ದ ಗೋಡೌನು. ಪಕ್ಕದಲ್ಲೇ ಹಣ್ಣಿನ ಸಿಪ್ಪೆ ಬಿಡಿಸುವ ಮನೆ. ರಾಶಿ ಬಿದ್ದ ಸಿಪ್ಪೆ ಕೊಳೆತು, ಕಿಟಕಿ ಮುಚ್ಚಿದರೂ ಆ ಹುಳಿ ನಾತ ಒಳಗೆ ಬಂದು ಕೂರುತ್ತಿತ್ತು. ಅಯ್ಯನವರು ಮೂಗಿಗೆ ಕರ್ಚೀಫು ಒತ್ತಿಕೊಂಡೇ ವರಗಳ ಬಗ್ಗೆ ಬೋಧಿಸಿದರು. ಎಲ್ಲಾ ಸಭೆಗಳಲ್ಲಿ ಆತ್ಮ ಇಳಿದು ಜನ ಯಾರಿಗೂ ತಿಳಿಯದ ಅನ್ಯಭಾಷೆ ಆಡುತ್ತಿದ್ದಾರೆ, ವರ ಇದ್ದವರು ಎದ್ದು ಅದರ ಅರ್ಥ ಹೇಳುತ್ತಿದ್ದಾರೆ, ನಿಮ್ಮಲ್ಲಿ ಮಾತ್ರ ಆತ್ಮ ಇಳಿದಿಲ್ಲ, ನಂಬಿಕೆ ಸಾಲದು ಎಂದರು. ದೇರಪ್ಪನವರ ಮುಖ ಕೆಂಪಾಯಿತು. ಬೋಧನೆಯ ನಂತರ ನನ್ನ ತಲೆಯ ಮೇಲೆ ಕೈಯಿಟ್ಟು ಸಭಾಸೇವಕನನ್ನಾಗಿ ಮಾಡುವುದಿತ್ತು. ನಾನು ಬಿಳಿ ಅಂಗಿ ಒಗೆದು ಹಾಕಿಕೊಂಡು ಮುಂದೆಯೇ ಕೂತಿದ್ದೆ.

ಆಗ ಚೋಮಿ ಒಳಗೆ ಬಂದಳು. ಎಂಟನೇ ಲೈನಿನ ಎರವರ ಹೆಂಗಸು, ಗಂಡ ಸತ್ತವಳು. ಹೆಗಲ ಮೇಲೆ ನಾಲ್ಕು ವರ್ಷದ ಮಗಳು ಕೆಂಚಿ. ಹಿಂದೆ ಕೂರಬೇಕಾದವಳು ನಡುವಿನಿಂದ ನೇರ ನಡೆದು ಅಯ್ಯನವರ ಎದುರು ಮಂಡಿಯೂರಿ ಕೂಗಿ ಅಳಲು ತೊಡಗಿದಳು. ಕನ್ನಡ ಅವಳಿಗೆ ಸಂತೆಗೆ ಆಗುವಷ್ಟು ಬರುತ್ತಿತ್ತು, ಸಂಕಟಕ್ಕೆ ಆಗುವಷ್ಟು ಬರುತ್ತಿರಲಿಲ್ಲ. ಅವಳ ಮಾತಿನಲ್ಲೇ ಹೇಳಿದಳು: ಮಗು ಮೂರು ದಿನದಿಂದ ಸುಡುತ್ತಿದೆ, ಕತ್ತು ತಿರುಗಿಸುವುದಿಲ್ಲ, ಕಣ್ಣು ಬಿಡುವುದಿಲ್ಲ. ಮಸ್ಟರಿನಲ್ಲಿ ರೈಟರಯ್ಯನ ಕಾಲು ಹಿಡಿದೆ, ಹಣ್ಣು ಮುಗಿಯಲಿ ಎಂದು ಒದ್ದ. ಹೊರಗೆ ನಿನ್ನ ಗಾಡಿ ನಿಂತಿದೆ. ವಿರಾಜಪೇಟೆ ಆಸ್ಪತ್ರೆಗೆ ನನ್ನ ಮಗುವನ್ನು ಬಿಡು. ನಿನ್ನ ದೇವರ ಕಾಲಿಗೂ ಬೀಳುತ್ತೇನೆ.

ಅಯ್ಯನವರು ಕರ್ಚೀಫು ಬಿಸಾಡಿ ಎರಡೂ ಕೈ ಮೇಲೆತ್ತಿದರು.

"ಬಂತು! ಆತ್ಮ ಇಳದೈತಿ ನೋಡ್ರಿ! ಅನ್ಯಭಾಷೆ! ಯಾರಿಗೈತಿ ಅರ್ಥ ಹೇಳೋ ವರ? ಏಳ್ರಿ!"

ಅವರಿಗೆ ನಿಜವಾಗಿಯೂ ತಿಳಿಯಲಿಲ್ಲ, ಆ ಮಾತು ಅವರು ಕೇಳಿದ್ದೇ ಅಲ್ಲ. ಆದರೆ ಅಲ್ಲಿ ಕೂತಿದ್ದ ಅರವತ್ತು ಜನರಲ್ಲಿ ಅರ್ಧಕ್ಕರ್ಧ ಜನಕ್ಕೆ ಅವಳ ಒಂದೊಂದು ಮಾತೂ ತಿಳಿದಿತ್ತು. ದೇರಪ್ಪನವರಿಗಂತೂ ಚೆನ್ನಾಗಿಯೇ ತಿಳಿದಿತ್ತು. ಇಪ್ಪತ್ತು ವರ್ಷದಿಂದ ಅದೇ ಮಾತಿನಲ್ಲಿ ಅವಳ ಜನರನ್ನು ಬೈದು ಕೆಲಸ ಮಾಡಿಸಿದವರು. ಅವರು ಎದ್ದು ನಿಂತು ಕಣ್ಣು ಮುಚ್ಚಿದರು.

"ಕರ್ತನು ಹೇಳುತ್ತಾನೆ. ಈ ತೋಟ ನನ್ನ ತೋಟ. ಹಣ್ಣು ಕೊಯ್ದು ಮುಗಿಯುವ ತನಕ ನನ್ನ ಮಕ್ಕಳು ಯಾರೂ ತೋಟ ಬಿಟ್ಟು ಹೋಗಬಾರದು. ಹಿರಿಯರ ಮಾತು ಕೇಳಿದವರನ್ನು ಆಶೀರ್ವದಿಸುವೆನು."

"ಆಮೆನ್!" ಎಂದಿತು ಸಭೆ. ಥೂ, ಎಂಥ ಆಮೆನ್ ಅದು! ತಿಳಿದವರೂ ಹೇಳಿದರು, ತಿಳಿಯದವರೂ ಹೇಳಿದರು. ನಾನೂ ಹೇಳಿದೆ, ನನ್ನ ದನಿ ಅವರಿಗಿಂತ ಸಣ್ಣದೇನೂ ಇರಲಿಲ್ಲ. ಚಪ್ಪಾಳೆ, ಹಾಡು ಶುರುವಾಯಿತು. ಚೋಮಿ ಎಡಕ್ಕೆ ಬಲಕ್ಕೆ ನೋಡಿದಳು. ತನ್ನ ಮಾತು ಏನಾಯಿತೆಂದು ಅವಳಿಗೆ ಅರ್ಥವಾಯಿತು. ಹಾಡಿನ ನಡುವೆ ನನ್ನ ಅಂಗಿಯ ತುದಿ ಹಿಡಿದಳು.

"ಮೇಷ್ಟ್ರೆ, ನಿಮಗೆ ಗೊತ್ತುಂಟು. ನೀವು ಹೇಳಿ."

ಅಯ್ಯನವರು ಬಗ್ಗಿ ನನ್ನನ್ನು ಕೇಳಿದರು, "ಏನಂತಾಳ್ರಿ ಮಾಸ್ತರ ಈಕಿ?"

ದೇರಪ್ಪನವರು ಕಣ್ಣು ತೆರೆದು ನನ್ನನ್ನೇ ನೋಡುತ್ತಿದ್ದರು. ಜೀಪು ಬಾಗಿಲಲ್ಲೇ ನಿಂತಿತ್ತು. ವಿರಾಜಪೇಟೆಗೆ ಒಂದು ಗಂಟೆಯ ದಾರಿ.

"ಪ್ರಾರ್ಥನೆ ಮಾಡಿ ಅಂತಾಳೆ, ಅಯ್ಯನವರೇ" ಎಂದೆ.

ಅವರು ಕೆಂಚಿಯ ಹಣೆ ಮುಟ್ಟಿ, ಆತ್ಮದ ಬೆಂಕಿ ಮಗುವಿನ ಮೇಲೂ ಇಳಿದಿದೆ ಎಂದರು. ಅದೇ ಕೈಯನ್ನು ತಂದು ನನ್ನ ತಲೆಯ ಮೇಲಿಟ್ಟರು. ಅಂಗೈ ಇನ್ನೂ ಬಿಸಿಯಾಗಿತ್ತು. ನನ್ನನ್ನು ಸಭಾಸೇವಕನನ್ನಾಗಿ ಮಾಡಿದ್ದು ಆ ಮಗುವಿನ ಜ್ವರದಲ್ಲಿ.

ಮಧ್ಯಾಹ್ನ ರೈಟರ್ ಬಂಗಲೆಯಲ್ಲಿ ಊಟ. ಅಕ್ಕಿ ರೊಟ್ಟಿ, ಕೋಳಿ ಸಾರು. ಎರಡು ಸಲ ಹಾಕಿಸಿಕೊಂಡೆ. ಜಗಲಿಯಿಂದ ನೋಡಿದರೆ ಚೋಮಿ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ರಸ್ತೆಯಲ್ಲಿ ನಡೆದು ಹೋಗುತ್ತಿದ್ದಳು. ದೇರಪ್ಪನವರೂ ನೋಡಿದರು. "ನಾಳೆಯಿಂದ ಮಸ್ಟರಲ್ಲಿ ಅವಳ ಹೆಸರು ಹೊಡೆದುಹಾಕಬೇಕು" ಎಂದು ಮೂಳೆ ಚೀಪಿದರು. ಅಯ್ಯನವರಿಗೆ ನಿದ್ದೆ ಬಂದಿತ್ತು. ನನಗೆ ಕೋಳಿ ಸಾರಿನ ವಾಸನೆ ಇವತ್ತಿಗೂ ಆಗುವುದಿಲ್ಲ. ಆದರೆ ಆ ದಿನ ಆಗಿತ್ತು, ರುಚಿಯಾಗಿಯೇ ಇತ್ತು.

ಚೋಮಿ ಆಸ್ಪತ್ರೆ ಮುಟ್ಟುವಾಗ ಕತ್ತಲಾಗಿತ್ತಂತೆ. ಮಗು ಬದುಕಿತು. ಕಿವಿ ಎರಡೂ ಹೋದವು. ಬೆಳಿಗ್ಗೆಯೇ ತಂದಿದ್ದರೆ ಉಳಿಯುತ್ತಿತ್ತೋ ಏನೋ ಎಂದರಂತೆ ಡಾಕ್ಟರು.

ಮಾರ್ಚಿನಲ್ಲಿ ಅಯ್ಯನವರು ಮತ್ತೆ ಬಂದರು. ಜೊತೆಗೆ ಮಿಷನ್ ಪತ್ರಿಕೆಯ ಒಂದು ಕಟ್ಟು. ಕೊಡಗಿನ ಒಂದು ತೋಟದಲ್ಲಿ ಆತ್ಮ ಇಳಿದ ಸಂಗತಿ ಅದರಲ್ಲಿ ಅಚ್ಚಾಗಿತ್ತು. ದೇರಪ್ಪನವರ ಹೆಸರಿತ್ತು, ನನ್ನ ಹೆಸರೂ ಇತ್ತು. ಅವಳ ಹೆಸರಿರಲಿಲ್ಲ, 'ಒಬ್ಬ ಕೂಲಿ ಹೆಂಗಸು' ಎಂದಿತ್ತು. ಅವಳ ಹೆಸರನ್ನು ಹಲಗೆಯಲ್ಲಾದರೂ ಬರೆಯಿರಿ ಎಂದರು ಅಯ್ಯನವರು. ಅನ್ಯಭಾಷೆಯ ವರ ಎಂಬುದರ ಮುಂದೆ ಚೋಮಿ ಎಂದು ಬರೆದೆ. ಅರ್ಥ ಹೇಳುವ ವರ ಎಂಬುದರ ಮುಂದೆ ದೇರಪ್ಪನವರ ಹೆಸರು ಬರೆದೆ. ಅದರ ಕೆಳಗೆ, ಸಭಾಸೇವಕ ಸೀಮೋನ್.

ಹೊಡೆದುಹಾಕಿದ್ದ ಅವಳ ಹೆಸರನ್ನು ದೇರಪ್ಪನವರು ತಾವೇ ಮಸ್ಟರಿಗೆ ಮತ್ತೆ ಸೇರಿಸಿ, ಆಳು ಕಳಿಸಿ ಕರೆಸಿದರು. ಅಯ್ಯನವರೆದುರು ಅವಳು ಬೇಕಿತ್ತು. ಮೊದಲ ಸಾಲಿನಲ್ಲಿ ಚಾಪೆ ಹಾಕಿ, ಅವಳನ್ನೂ ಕೆಂಚಿಯನ್ನೂ ಕೂರಿಸಿದರು.

"ಮಾತಾಡವ್ವ" ಎಂದರು ಅಯ್ಯನವರು. "ಆತ್ಮ ಕೊಟ್ಟ ಮಾತು ಆಡು."

ಚೋಮಿ ಎದ್ದಳು. ಅರ್ಥ ಹೇಳಲು ದೇರಪ್ಪನವರು ಆಗಲೇ ಎದ್ದು ನಿಂತಿದ್ದರು. ಅವಳು ಅವರನ್ನು ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ಒಂದೊಂದೇ ಶಬ್ದ ಬಿಡಿಸಿ, ಮೂರು ತಿಂಗಳು ಕೂತು ಜೋಡಿಸಿಕೊಂಡಿದ್ದ ಕನ್ನಡದಲ್ಲಿ ಹೇಳಿದಳು.

"ನನ್ನ ಮಗಳಿಗೆ ಕಿವಿ ಕೇಳಲ್ಲ. ಅವತ್ತು ನಿಮ್ಮ ಗಾಡಿ ಕೇಳಿದೆ ನಾನು."

ಯಾರೂ ಅರ್ಥ ಹೇಳಬೇಕಾಗಿರಲಿಲ್ಲ. ಹಿಂದಿನಿಂದ ಯಾರೋ ಒಬ್ಬ ಅಭ್ಯಾಸಬಲದಿಂದ ಆಮೆನ್ ಎಂದ. ಅಯ್ಯನವರು ನನ್ನ ಕಡೆ ನೋಡಿದರು, ದೇರಪ್ಪನವರ ಕಡೆ ನೋಡಿದರು. ತಿಳಿಯಿತು ಅವರಿಗೆ, ಕಿವಿಯವರೆಗೂ ಬೆವರಿದರು. ಕೈಯಲ್ಲಿ ಪತ್ರಿಕೆಯ ಕಟ್ಟು ಇತ್ತು. ಅದನ್ನು ಒಮ್ಮೆ ನೋಡಿಕೊಂಡು ಗಂಟಲು ಸರಿ ಮಾಡಿಕೊಂಡರು.

"ಇದು ಬರೇ ಕನ್ನಡ" ಎಂದರು. "ಈಕಿಯಿಂದ ವರ ಹೋಗೈತಿ. ಹೆಸರು ಒರಸ್ರಿ."

ಹಲಗೆ ಒರೆಸುವುದು ಸಭಾಸೇವಕನ ಕೆಲಸ. ಬಟ್ಟೆ ತೆಗೆದುಕೊಂಡು ಚೋಮಿ ಎಂಬುದನ್ನು ಒರೆಸಿದೆ. ಅದರಿಂದ ಎರಡು ಸಾಲು ಕೆಳಗೆ ನನ್ನ ಹೆಸರಿತ್ತು, ಬಟ್ಟೆಯನ್ನು ಒಂದು ಗೇಣು ಕೆಳಗೆ ಎಳೆದರೆ ಸಾಕಿತ್ತು. ಅದನ್ನೂ ಒರೆಸಿ ಹೊರಗೆ ನಡೆದೆ ಎಂದು ಹೇಳಿಕೊಳ್ಳಲು ನನಗೂ ಆಸೆ ಇದೆ. ಒರೆಸಲಿಲ್ಲ. ಹನ್ನೊಂದು ವರ್ಷ ಆ ಕೆಲಸ ಮಾಡಿದೆ.

ಕೈಗಂಟಿದ ಸೀಮೆಸುಣ್ಣದ ಪುಡಿ ಒದರಿ, ಕಾಣಿಕೆ ತಟ್ಟೆ ಹಿಡಿದು ಮೊದಲ ಸಾಲಿಗೆ ಬಂದೆ. ಚಾಪೆಯ ಮೇಲೆ ಕೆಂಚಿ ಕೂತಿದ್ದಳು. ಕಿವಿ ಹೋದ ಮೇಲೆ ಎಲ್ಲರ ಬಾಯಿಯನ್ನೇ ನೋಡುವುದು ಅವಳಿಗೆ ರೂಢಿಯಾಗಿತ್ತು. ತಲೆ ಎತ್ತಿ ನನ್ನ ಬಾಯಿಯನ್ನು ನೋಡಿದಳು. ನಾನು ಏನೋ ಹೇಳುತ್ತೇನೆಂದು ಕಾಯುತ್ತಿದ್ದಳು.